ಮಾತ್ರೆಯ ಹೆಸರೂ ಮಾತ್ರೆಯೊಳಗಿನ ಮದ್ದೂ

ಶ್ರೀಮಠದ ಶಾಲೆಯ ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿಯಾದ ನಾನು ಗುರುಗಳನ್ನೂ ದಾಸೋಹದ ಪಂಕ್ತಿಯನ್ನೂ ನೆನೆದು ನಾಲ್ಕು ಮಾತು ಬರೆಯೋಣವೆಂದು ಮೊದಲು ಎಣಿಸಿದೆ. ಅಂಥ ಲೇಖನಗಳು ಸಂಚಿಕೆಯಲ್ಲಿ ಹೇಗೂ ಇರುತ್ತವೆ. ನನಗಿಂತ ಚೆನ್ನಾಗಿ ಬರೆಯಬಲ್ಲವರು ಅವನ್ನು ಬರೆದಿರುತ್ತಾರೆ. ಆದುದರಿಂದ, ಪ್ರೌಢಶಾಲೆಯಲ್ಲಿ ಬಹುಕಾಲ ವಿಜ್ಞಾನವನ್ನು ಬೋಧಿಸಿದ ನನ್ನ ಮನಸ್ಸನ್ನು ಕೊರೆಯುತ್ತ ಬಂದಿರುವ ಬೇರೊಂದು ಸಂಗತಿಯನ್ನು ಅಧ್ಯಾಪಕ ಮಿತ್ರರ ಮುಂದೆಯೂ ದಾನಿಗಳ ಮುಂದೆಯೂ ಇಡಲು ಬಯಸುತ್ತೇನೆ. ಅದು ನಮ್ಮ ಮನೆಗಳಲ್ಲಿ ಮಾತ್ರೆ ನುಂಗುವ ರೀತಿಗೆ ಸಂಬಂಧಿಸಿದುದು.

ಹತ್ತನೆಯ ತರಗತಿಯ ಮಕ್ಕಳಿಗೆ ಇಂಗಾಲದ ಸಂಯುಕ್ತಗಳ ಪಾಠ ಮಾಡುವಾಗ, ಪುಸ್ತಕದ ಹೆಸರುಗಳು ಬರಿಯ ಬಾಯಿಪಾಠವಾಗಿ ಉಳಿಯದಿರಲೆಂದು, ಮನೆಯಲ್ಲಿರುವ ಮಾತ್ರೆಯ ಶೀಟುಗಳನ್ನು ತಂದು ತೋರಿಸುವಂತೆ ಒಮ್ಮೆ ಹೇಳಿದ್ದೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗನು ಅಜ್ಜಿಯ ಬಿಸ್ಕತ್ತಿನ ಡಬ್ಬಿಯನ್ನೇ ಹೊತ್ತು ತಂದ. "ಸಾರ್, ಇವೆಲ್ಲ ಮಂಡಿನೋವಿಗೆ. ಅಜ್ಜಿ ಹೊತ್ತಿಗೊಂದು ಥರ ತಗೊಳ್ತಾರೆ" ಎಂದ. ಡಬ್ಬಿಯಲ್ಲಿ ಮೂರು ಬಗೆಯ ಶೀಟುಗಳೂ ಕಾಗದದ ಕೆಲವು ಪೊಟ್ಟಣಗಳೂ ಇದ್ದವು. ಮೊದಲನೆಯದು ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ 500 ಮಿಲಿಗ್ರಾಂ ಪ್ಯಾರಸಿಟಮಾಲ್, ದಿನಕ್ಕೆ ಮೂರು. ಎರಡನೆಯದು ಪೇಟೆಯ ಅಂಗಡಿಯಿಂದ ತಂದದ್ದು, ಏನೋ ಚೆಂದದ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿದರೆ ಅಸೆಕ್ಲೊಫೆನಾಕ್ 100 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಮಿಲಿಗ್ರಾಂ, ಅದು ದಿನಕ್ಕೆರಡು. ಮೂರನೆಯದು ನೆಗಡಿಯ ಮಾತ್ರೆ. ಅದರಲ್ಲಿಯೂ 500 ಮಿಲಿಗ್ರಾಂ ಪ್ಯಾರಸಿಟಮಾಲ್, ಅದೂ ದಿನಕ್ಕೆ ಮೂರು. ಕರಿಹಲಗೆಯ ಮೇಲೆ ಮಕ್ಕಳಿಂದಲೇ ಕೂಡಿಸಿದೆ: 1500, 650, 1500, ಒಟ್ಟು 3650 ಮಿಲಿಗ್ರಾಂ. ಆರೋಗ್ಯವಂತನಾದ ವಯಸ್ಕನಿಗೆ ದಿನಕ್ಕೆ ಹೇಳಿರುವ ಪರಮಾವಧಿಯೇ 4000. ತೂಕ ಕಡಮೆಯಿರುವ ವೃದ್ಧರಿಗೆ ವೈದ್ಯರು ಅದಕ್ಕಿಂತ ಕಡಮೆಯ ಮಿತಿಯನ್ನು ಹಾಕುತ್ತಾರೆ. ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಆ ಮುದುಕಿ ಮೂರು ಔಷಧಗಳನ್ನು ಸೇವಿಸುತ್ತಿದ್ದೇನೆಂದು ನಂಬಿ ಒಂದೇ ಔಷಧವನ್ನು ಮೂರು ಹೆಸರಿನಲ್ಲಿ ನುಂಗುತ್ತಿದ್ದಳು.

ಪೊಟ್ಟಣಗಳ ವಿಚಾರ ಇನ್ನೂ ಕಷ್ಟದ್ದು. ಅವುಗಳ ಮೇಲೆ ಹೆಸರಿಲ್ಲ, ಪ್ರಮಾಣವಿಲ್ಲ, ತಯಾರಿಸಿದವರಿಲ್ಲ. ಒಂದು ಪೊಟ್ಟಣ ನುಂಗಿದರೆ ಗಂಟೆಯೊಳಗೆ ನೋವು ಮಾಯವಾಗುತ್ತಿತ್ತಾದ್ದರಿಂದ ಡಬ್ಬಿಯಲ್ಲಿ ಅದಕ್ಕೇ ಅಗ್ರಸ್ಥಾನ. ಅಜ್ಜಿಯ ಮುಖ ದುಂಡಗಾದುದನ್ನು ಕಂಡು ಊರಿನವರು ಮೈಕೈ ತುಂಬಿಕೊಂಡಳೆಂದು ಸಂತೋಷಪಟ್ಟಿದ್ದರಂತೆ. ಕೋಲಾರದಲ್ಲಿ ಪರೀಕ್ಷಿಸಿದ ವೈದ್ಯರು ಆ ಮುಖವನ್ನೂ ಏರಿದ್ದ ಸಕ್ಕರೆಯನ್ನೂ ನೋಡಿಯೇ ಪೊಟ್ಟಣದಲ್ಲಿ ಸ್ಟಿರಾಯ್ಡ್ ಇರಬೇಕೆಂದು ಊಹಿಸಿದರು. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಮುಂತಾದ ಈ ವರ್ಗದ ಔಷಧಗಳು ತಕ್ಕ ರೋಗಕ್ಕೆ ತಕ್ಕ ಕೈಯಲ್ಲಿ ಪ್ರಾಣವನ್ನುಳಿಸತಕ್ಕವು. ಬಹುಕಾಲ ಸೇವಿಸಿದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆಯೂ ರಕ್ತದ ಒತ್ತಡವೂ ಏರುತ್ತವೆ. ಥಟ್ಟನೆ ನಿಲ್ಲಿಸಿದರೂ ಅಪಾಯವೇ, ಏಕೆಂದರೆ ಅಷ್ಟರಲ್ಲಿ ದೇಹವು ತನ್ನದೇ ಸ್ರಾವವನ್ನು ಒದಗಿಸುವುದನ್ನು ಮರೆತಿರುತ್ತದೆ. ವೈದ್ಯರು ಮೆಲ್ಲಮೆಲ್ಲನೆ ಇಳಿಸುತ್ತ ಅದನ್ನು ಬಿಡಿಸಬೇಕಾಯಿತು.

ನಮ್ಮ ಸೀಮೆಯಲ್ಲಿ ನೋವಿನ ಮಾತ್ರೆಗೆ ಇಷ್ಟೊಂದು ಗಿರಾಕಿಗಳೇಕೆಂದು ಕೇಳಿಕೊಂಡರೆ ಉತ್ತರದ ಒಂದು ಪಾಲು ನೆಲದ ಕೆಳಗಿದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರಿನಲ್ಲಿ ನೀರು ಕಂಡ ದಿನಗಳಿಗಿಂತ ಮರಳು ಕಂಡ ದಿನಗಳೇ ಹೆಚ್ಚು. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿದವು. ಗಟ್ಟಿ ಶಿಲೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ನೀರಿನ ಮೂಲವಿಲ್ಲದಿದ್ದರೂ 1.5ನ್ನು ಮೀರಬಾರದೆಂಬುದು ಭಾರತೀಯ ಮಾನಕ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳು ಈ ಮಿತಿಯನ್ನು ದಾಟಿವೆ. ಮಕ್ಕಳ ಹಲ್ಲಿನ ಮೇಲೆ ಕಂದುಪಟ್ಟೆ ಮೂಡುವುದು ಮೊದಲ ಗುರುತು. ವರ್ಷಗಟ್ಟಲೆ ಕುಡಿದವರಲ್ಲಿ ಸೊಂಟ, ಕುತ್ತಿಗೆ, ಮಂಡಿಗಳು ಬಿಗಿಯುತ್ತವೆ. ಎಲ್ಲ ಮಂಡಿನೋವೂ ನೀರಿನದೆಂದು ನಾನು ಹೇಳುತ್ತಿಲ್ಲ. ಮುಪ್ಪಿನ ಸವೆತವೂ ಇದೆ, ಹೊಲಗೆಲಸವೂ ಇದೆ. ಆದರೆ ನೀರಿನಿಂದ ಬಂದ ನೋವಿಗೆ ಮಾತ್ರೆ ನುಂಗುತ್ತ ಅದೇ ನೀರನ್ನು ಕುಡಿಯುತ್ತಿದ್ದರೆ, ಆ ಮಾತ್ರೆಗೆ ಕೊನೆಯೆಲ್ಲಿ? ಅಂಥವರಿಗೆ ಮೊದಲ ಔಷಧವೆಂದರೆ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ, ಅದು ಕೆಡದೆ ನಡೆಯುತ್ತಿದ್ದಲ್ಲಿ.

ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಇವು ಒಂದೇ ಕುಲದವು. ನೋವನ್ನೂ ಊತವನ್ನೂ ಉಂಟುಮಾಡುವ ದ್ರವ್ಯವು ದೇಹದಲ್ಲಿ ಹುಟ್ಟದಂತೆ ಇವು ತಡೆಯುತ್ತವೆ. ಜಠರದ ಒಳಪದರವನ್ನು ಕಾಯುವುದೂ ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ಮಾಡುವುದೂ ಅದೇ ಬಗೆಯ ದ್ರವ್ಯವೆಂಬುದೇ ತೊಡಕು. ಆದುದರಿಂದಲೇ ಹೊಟ್ಟೆಯಲ್ಲಿ ಹುಣ್ಣು, ಕಪ್ಪು ಮಲ, ಕಾಲೂತ ಇವು ಕಾಣಿಸಿಕೊಳ್ಳುವುದು. ರಕ್ತದ ಒತ್ತಡಕ್ಕೆ ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ, ಈ ಮೂರೂ ಸೇರಿದರೆ ಮುದುಕರ ಮೂತ್ರಪಿಂಡಗಳು ಸೋಲಬಹುದು. ಒತ್ತಡದ ಮಾತ್ರೆ ಬರೆದ ವೈದ್ಯರಿಗೆ ನೋವಿನ ಮಾತ್ರೆಯ ಸುದ್ದಿಯನ್ನು ಯಾರೂ ಹೇಳಿರುವುದಿಲ್ಲ. ರೋಗಿಯ ದೃಷ್ಟಿಯಲ್ಲಿ ಅದೊಂದು ಔಷಧವೇ ಅಲ್ಲ, ಅಂಗಡಿಯ ಸಾಮಾನು.

ಸರ್ಕಾರಿ ಆಸ್ಪತ್ರೆ ಕೊಡುವ ಶೀಟಿನ ಮೇಲೆ ಮದ್ದಿನ ಮೂಲ ಹೆಸರಿರುತ್ತದೆ. ಖಾಸಗಿ ಚೀಟಿಯಲ್ಲಿ ಬರುವುದು ಕಂಪನಿಯಿಟ್ಟ ಹೆಸರು. ಎರಡೂ ಕಡೆ ತೋರಿಸಿಕೊಂಡ ರೋಗಿ ಎರಡನ್ನೂ ನುಂಗುತ್ತಾನೆ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಹೀಗೆ ಇಮ್ಮಡಿಯಾದರೆ, ಬೆವತು ನಡುಗಿ ಎಚ್ಚರ ತಪ್ಪುವಷ್ಟು ಸಕ್ಕರೆ ಇಳಿದುಬಿಡಬಹುದು. ಮೂಲ ಹೆಸರನ್ನು ಕಂಪನಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚುಮಾಡತಕ್ಕದ್ದೆಂಬ ನಿಯಮವು 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿದೆ. ಆದರೆ ಮೂರು ಅಥವಾ ಹೆಚ್ಚು ಔಷಧಗಳನ್ನು ಬೆರೆಸಿದ ಮಾತ್ರೆಗಳಿಗೆ ಅದರಿಂದ ವಿನಾಯಿತಿ! ಎಲ್ಲಿ ಓದುವುದು ಅತ್ಯಗತ್ಯವೋ ಅಲ್ಲಿಯೇ ಅಕ್ಷರ ಸಣ್ಣದು. ಕೇಂದ್ರ ಸರ್ಕಾರವು ಅವಿಚಾರದ ಮಿಶ್ರಣಗಳನ್ನು 2016ರಲ್ಲಿ 344, 2018ರಲ್ಲಿ 328, 2024ರ ಆಗಸ್ಟಿನಲ್ಲಿ 156 ಎಂದು ಮತ್ತೆ ಮತ್ತೆ ನಿಷೇಧಿಸಬೇಕಾಗಿ ಬಂದುದನ್ನು ನೋಡಿದರೆ ಈ ಸಂತೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಭಾಷೆಯ ಮಾತನ್ನೂ ಹೇಳಿಬಿಡಬೇಕು. ನಮ್ಮ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳೂ ಉರ್ದುವೂ ಕೇಳಿಸುತ್ತವೆ. ಮಾತ್ರೆಯ ಶೀಟಿನ ಮೇಲೆ ಇರುವುದು ಇಂಗ್ಲಿಷು, ಕೆಲವೊಮ್ಮೆ ದೇವನಾಗರಿಯಲ್ಲಿ ಒಂದು ಹೆಸರು. ಡಿ.ವಿ.ಜಿ. ಹುಟ್ಟಿದ ಮುಳಬಾಗಿಲಿನಲ್ಲಿ, ಮಾಸ್ತಿಯವರನ್ನು ಕೊಟ್ಟ ಮಾಲೂರು ತಾಲ್ಲೂಕಿನಲ್ಲಿ, ತಾನು ನುಂಗುವುದೇನೆಂದು ಕನ್ನಡದಲ್ಲಿ ಓದಿಕೊಳ್ಳಲು ರೋಗಿಗೆ ಸಾಧ್ಯವಿಲ್ಲ. ಹಾಲಿನ ಡೇರಿಗೂ ನಾಮಫಲಕಕ್ಕೂ ಕನ್ನಡವನ್ನು ಕೇಳುವ ನಾವು ಔಷಧಕ್ಕೆ ಕೇಳಿದ್ದನ್ನು ನಾನು ಕಂಡಿಲ್ಲ.

ಕಾನೂನು ಇಲ್ಲದೆ ಇಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1945ರ ನಿಯಮಗಳು, ಅವುಗಳ ಎಚ್ ಅನುಸೂಚಿ ಇವೆಲ್ಲ ಇವೆ. ಅನುಸೂಚಿಯ ಔಷಧವನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚಿನಿಂದ ಎಚ್-1 ಎಂಬ ಇನ್ನೊಂದು ಅನುಸೂಚಿ ಬಂದು, ಅದರಲ್ಲಿನ ಪ್ರಬಲ ಪ್ರತಿಜೀವಕಗಳನ್ನೂ ಕ್ಷಯದ ಔಷಧಗಳನ್ನೂ ಮಾರಿದಾಗ ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕೆಂದು ವಿಧಿಸಿತು. ಆದರೂ ಎರಡು ದಿನದ ಪ್ರತಿಜೀವಕವನ್ನು ಕತ್ತರಿಸಿ ಕೊಡುವ ಅಂಗಡಿಯೂ ಇದೆ, ಕೇಳುವ ಗಿರಾಕಿಯೂ ಇದ್ದಾನೆ. ನಾನು ಗಿರಾಕಿಯನ್ನು ಬೈಯಲಾರೆ. ತಾಲ್ಲೂಕು ಕೇಂದ್ರಕ್ಕೆ ಹೋಗಿ ಸರದಿಯಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ. ಟೊಮೇಟೊ ಕೊಯ್ಲಿನ ಕಾಲವಾದರೆ ಇನ್ನೂ ನಷ್ಟ. ಅಂಗಡಿಯಲ್ಲಿ ಕುಳಿತ ಫಾರ್ಮಸಿಸ್ಟರು ಮಾತ್ರ ಒಂದು ಮಾತು ಕೇಳಬಹುದಾಗಿತ್ತು: ಮನೆಯಲ್ಲಿ ಬೇರೆ ಏನೇನು ತೆಗೆದುಕೊಳ್ಳುತ್ತೀರಿ? ಆ ಪ್ರಶ್ನೆಗೆ ಕಾಸು ಬೇಕಿಲ್ಲ. ಇನ್ನೊಂದು ಸಣ್ಣ ವಿಷಯವೂ ಅವರ ಬಾಯಿಂದ ಬರಬಹುದು. ನಮ್ಮದು ಹಸು ಸಾಕುವ ಜಿಲ್ಲೆ, ಮಾತ್ರೆಯನ್ನು ಹಾಲಿನೊಡನೆ ಕುಡಿದರೆ ಪುಷ್ಟಿಯೆಂಬುದು ಮನೆಮಾತು. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ಗಳನ್ನು ಹಾಲಿನ ಸುಣ್ಣದಂಶವು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ.

ಓದುವುದರಿಂದ ಎಲ್ಲ ಅಪಾಯವೂ ತಪ್ಪುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವವು ಔಷಧದೊಳಗೆ ಸೇರಿ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನೂ, 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳನ್ನೂ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ಪು ಕುಡಿದ ಇಪ್ಪತ್ತಕ್ಕೂ ಹೆಚ್ಚು ಎಳೆಯರನ್ನೂ ಬಲಿತೆಗೆದುಕೊಂಡಿತು. ನಮ್ಮ ರಾಜ್ಯದಲ್ಲಿಯೇ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಮೃತಪಟ್ಟಾಗ ಸಂದೇಹ ಬಿದ್ದದ್ದು ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆ. ಅಂಥದನ್ನು ಯಾವ ಶೀಟೂ ಯಾವ ಬಾಟಲಿಯೂ ಬರೆದು ತೋರಿಸದು. ಅದನ್ನು ಹಿಡಿಯಬೇಕಾದವರು ಸರ್ಕಾರದ ಪರೀಕ್ಷಕರು. ರೋಗಿಯ ಎಚ್ಚರಿಕೆಯನ್ನು ಮುಂದಿಟ್ಟು ಅವರು ತಮ್ಮ ಹೊಣೆಯನ್ನು ಇಳಿಸಿಕೊಳ್ಳುವಂತಾಗಬಾರದು.

ಹೊಣೆಯಲ್ಲಿ ನಮಗೆ ಉಳಿಯುವ ಪಾಲು ಸಣ್ಣದು, ಆದರೆ ಅದು ಶಾಲೆಯಿಂದಲೇ ಆಗತಕ್ಕುದು. ವೈದ್ಯವನ್ನು ಕಾಯಕವಾಗಿ ಕೈಗೊಂಡಿದ್ದ ವೈದ್ಯ ಸಂಗಣ್ಣನವರಂಥ ಶರಣರನ್ನು ಸ್ಮರಿಸುವ ಸಂಸ್ಥೆಗೆ ಇದು ಹೊರಗಿನ ಕೆಲಸವೇನಲ್ಲ. ವರ್ಷಕ್ಕೊಮ್ಮೆ, ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಹಿರಿಯರ ಶೀಟುಗಳನ್ನು ನೋಡಿ ಒಂದು ಕಾರ್ಡನ್ನು ತುಂಬಲಿ: ಮದ್ದಿನ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ಕಾಯಿಲೆಗೆ, ಬರೆದುಕೊಟ್ಟವರು ಯಾರು. ಹೆಸರಿಲ್ಲದ ಪೊಟ್ಟಣವಿದ್ದರೆ "ಹೆಸರಿಲ್ಲ" ಎಂದೇ ಬರೆಯಲಿ. ಅಜ್ಜಿ ಆಸ್ಪತ್ರೆಗೆ ಹೋಗುವಾಗಲೆಲ್ಲ, ಅದು ಯಾವ ಆಸ್ಪತ್ರೆಯಾದರೂ, ಕಾರ್ಡು ಜೊತೆಯಲ್ಲಿರಲಿ. ಒಂದೇ ಒಂದು ಕಟ್ಟುಪಾಡು: ಹುಡುಗರು ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಕೂಡದು. ಅರೆಬರೆ ಕಲಿತ ಮೊಮ್ಮಗ ಒತ್ತಡದ ಮಾತ್ರೆಯನ್ನೋ ಸ್ಟಿರಾಯ್ಡನ್ನೋ ಕಿತ್ತೆಸೆದರೆ ಪೊಟ್ಟಣ ಕೊಟ್ಟವನಷ್ಟೇ ಕೇಡು ಮಾಡಿಯಾನು.

ಕೊಠಡಿಗಳನ್ನೂ ಗಡಿಯಾರಗಳನ್ನೂ ಕೊಟ್ಟಿರುವ ದಾನಿಗಳಲ್ಲಿ ನನ್ನ ಬಿನ್ನಹ ಇಷ್ಟೆ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಈ ಕಾರ್ಡನ್ನು ಅಚ್ಚು ಹಾಕಿಸಲು ಒಂದು ಫಲಕದ ಖರ್ಚೂ ಆಗುವುದಿಲ್ಲ. ಅದರ ಮೇಲೆ ಹೆಸರು ಕೆತ್ತಿಸಲು ಮಾತ್ರ ಜಾಗವಿರದು. ಔಷಧ ಶಾಸ್ತ್ರವನ್ನು ಓದಿ ಅಂಗಡಿಗಳಲ್ಲಿ, ಆಸ್ಪತ್ರೆಗಳಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಗಳು ವರ್ಷದಲ್ಲಿ ಒಂದು ಮಧ್ಯಾಹ್ನ ಶಾಲೆಗೆ ಬಂದು ತುಂಬಿದ ಕಾರ್ಡುಗಳನ್ನು ನೋಡಿಕೊಡಬೇಕು. ಶ್ರೀನಿವಾಸಪುರದ ಆ ಅಜ್ಜಿಯ ಡಬ್ಬಿಯಲ್ಲಿ ಕೊನೆಗೆ ಎರಡು ಶೀಟುಗಳು ಉಳಿದವು. ಮಂಡಿನೋವು ಹೋಗಲಿಲ್ಲ; ಪೊಟ್ಟಣ ಕೊಡುತ್ತಿದ್ದವನನ್ನು ಆಕೆ ಬಹಳ ದಿನ ನೆನೆಯುತ್ತಿದ್ದಳಂತೆ. ಕಾರ್ಡಿನ ಮಾದರಿಯೊಂದನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ತಿದ್ದಬೇಕಾದುದನ್ನು ಬಲ್ಲ ವೈದ್ಯರು ತಿದ್ದಿಕೊಟ್ಟರೆ ಮುಂದಿನ ಶಾಲಾ ವರ್ಷದ ಆರಂಭಕ್ಕೆ ಅಚ್ಚಿಗೆ ಕೊಡಬಹುದು.