ಗಾಜಿನ ಮೇಲಣ ಬಿಳಿಯ ಕಲೆ

ಸೂಲಿಬೆಲೆಯ ನಮ್ಮ ಮನೆಗೆ ಕಳೆದ ತಿಂಗಳು ನೆಂಟರು ಬಂದಿದ್ದರು. ಪಾನಕಕ್ಕೆಂದು ಹೊರತೆಗೆದ ಆರು ಗಾಜಿನ ಲೋಟಗಳೂ ಮಂಜು ಕವಿದಂತೆ ಬೆಳ್ಳಗಾಗಿದ್ದುವು. "ಲೋಟ ತೊಳೆಯುವುದಕ್ಕೂ ಬೇಸರವೇನಮ್ಮ?" ಎಂದು ನಮ್ಮ ಮನೆಯವರು ಸೊಸೆಯನ್ನು ಕೇಳಿಬಿಟ್ಟರು. ಆಕೆ ಮರುಮಾತಾಡದೆ ಸೋಪು ಹಚ್ಚಿ ಮತ್ತೊಮ್ಮೆ ತಿಕ್ಕಿದಳು. ಕಲೆ ಹೋಗಲಿಲ್ಲ; ಕಣ್ಣಲ್ಲಿ ಮಾತ್ರ ನೀರು ಬಂದಿತು.

ತಪ್ಪು ಸೊಸೆಯದಲ್ಲ, ನೀರಿನದು. ನಮ್ಮ ಹೊಸಕೋಟೆ ಸೀಮೆಯಲ್ಲಿ ಈಗ ಬಹುಮಟ್ಟಿಗೆ ಆಳವಾದ ಕೊಳವೆಬಾವಿಗಳ ನೀರೇ ಗತಿ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಜಲವು ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಧಾತುಗಳ ಲವಣಗಳನ್ನು ಕರಗಿಸಿಕೊಂಡೇ ಮೇಲಕ್ಕೆ ಬರುವುದು. ಇದೇ ಗಡಸು ನೀರು. ಕುಡಿಯುವ ನೀರಿನಲ್ಲಿ ಈ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಲೇಸೆಂದೂ, ಬೇರೆ ನೀರು ದೊರೆಯದ ಕಡೆ 600ರ ವರೆಗೆ ಸಲ್ಲುವುದೆಂದೂ ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮವು ಹೇಳುತ್ತದೆ. ಗಾಜಿನ ಮೇಲಿನ ಹನಿ ಆರಿದರೆ ನೀರು ಆವಿಯಾಗಿ ಹೋಗಿ, ಸುಣ್ಣಕಲ್ಲಿನ ಜಾತಿಯ ತೆಳುವಾದ ಪೊರೆಯೊಂದು ಉಳಿಯುವುದು. ಸೋಪು ಇದನ್ನು ಕರಗಿಸಲಾರದು. ಗಡಸು ನೀರಿನೊಡನೆ ಕೂಡಿ ತಾನೂ ಜಿಡ್ಡಾಗಿ ಅಂಟಿಕೊಳ್ಳುವುದು.

ಕ್ಷಾರವನ್ನು ಆಮ್ಲವು ಶಮನಗೊಳಿಸುವುದೆಂಬ ತತ್ತ್ವ ಸುಶ್ರುತಸಂಹಿತೆಯಲ್ಲಿಯೇ ಉಂಟು. ಅಲ್ಲಿನ ಪ್ರಸಂಗ ಚಿಕಿತ್ಸೆಯದು. ನಾವು ಅದನ್ನು ಲೋಟಕ್ಕೆ ಅನ್ವಯಿಸಿದೆವು. ವಿನಿಗರನ್ನೂ ಬೆಚ್ಚನೆಯ ನೀರನ್ನೂ ಸಮಪಾಲಾಗಿ ಬೆರೆಸಿ ಲೋಟಗಳನ್ನು ಅರ್ಧ ಗಂಟೆ ಮುಳುಗಿಸಿಡತಕ್ಕದ್ದು. ನಿಂಬೆಯ ರಸವಾದರೂ ಆದೀತು, ಹುಣಿಸೆಯ ಹುಳಿಯಾದರೂ ಆದೀತು. ಕಿಟಕಿಯ ಗಾಜಿಗಾದರೆ ಆ ದ್ರವದಲ್ಲಿ ಅದ್ದಿದ ಬಟ್ಟೆಯನ್ನು ಕಾಲು ಗಂಟೆ ಅಂಟಿಸಿಡಬೇಕು. ಬಳಿಕ ಮೆತ್ತನೆಯ ಬಟ್ಟೆಯಿಂದ ಉಜ್ಜಿ, ತೊಳೆದು, ಕೂಡಲೇ ಒರೆಸಬೇಕು. ಈ ಒರೆಸುವುದನ್ನು ಮರೆತರೆ ಮಾಡಿದ್ದೆಲ್ಲ ವ್ಯರ್ಥ. ಮಳೆಯ ನೀರು ಹಿಡಿದಿಟ್ಟಿದ್ದರೆ ಕೊನೆಯ ಸಲ ಅದರಲ್ಲಿ ತೊಳೆಯುವುದು ಉತ್ತಮ.

ಶೌಚಗೃಹಕ್ಕೆಂದು ಮಾರುವ ಆಸಿಡ್ಡನ್ನು ಮಾತ್ರ ಗೃಹಿಣಿಯರು ಮುಟ್ಟಲಾಗದು. ಬ್ಲೀಚಿಂಗ್ ಪುಡಿಯೊಡನೆ ಅದು ಸೇರಿದರೆ ವಿಷಾನಿಲವೇ ಏಳುವುದು. ಕನ್ನಡಿಯ ಅಂಚಿಗೆ ಹುಳಿ ಇಳಿಯಗೊಡಬಾರದು, ಹಿಂದಿನ ಲೇಪ ಕೆಡುವುದು. ಇಟ್ಟಿಗೆಯ ಪುಡಿಯೂ ಬೇಡ. ನಾವು ಹಿಂದೊಮ್ಮೆ ಅದರಿಂದ ಕನ್ನಡಿಯನ್ನು ತಿಕ್ಕಿ, ಇಂದಿಗೂ ಕ್ಷೌರದ ಹೊತ್ತಿನಲ್ಲಿ ಗೀರು ಬಿದ್ದ ಮುಖವನ್ನೇ ನೋಡುತ್ತಿದ್ದೇವೆ.

ಐದು ಲೋಟಗಳು ತಿಳಿಯಾದುವು. ಆರನೆಯದು ಬಹಳ ಹಳೆಯದು, ಅದರ ಗಾಜೇ ಸವೆದಿತ್ತು. ಅದು ಹಾಗೆಯೇ ಉಳಿಯಿತು. ಅದನ್ನು ನಮ್ಮ ಮನೆಯವರು ತಮ್ಮ ಮಜ್ಜಿಗೆಗೆಂದು ಇಟ್ಟುಕೊಂಡು, ತಿಳಿಯಾದುವುಗಳಲ್ಲಿ ಒಂದನ್ನು ಸೊಸೆಗೆ ಕೊಟ್ಟರು.