ತಿರಸ್ಕೃತ ಅರ್ಜಿಯೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಮೂರನ್ನು ನಮ್ಮ ಸಮಾಜವು ಇಂದಿಗೂ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದೆ. ನಾಲ್ಕನೆಯದಾದ ಅಭಯದಾನವನ್ನು ಮಾತ್ರ ನಾವು ಪಶುಪಕ್ಷಿಗಳ ಪ್ರಾಣರಕ್ಷಣೆಗೆ ಸೀಮಿತಗೊಳಿಸಿ ನಿಶ್ಚಿಂತರಾಗಿದ್ದೇವೆ. ಅಂಗವೈಕಲ್ಯ ವೇತನದ ಅರ್ಜಿ ತಿರಸ್ಕೃತವಾಗಿ ಕಚೇರಿಯ ಮೆಟ್ಟಿಲನ್ನು ಕೋಲೂರಿ ಇಳಿಯುವ ಮನುಷ್ಯನ ಭಯವನ್ನು ನೀಗಿಸುವುದು ಅಭಯದಾನವಲ್ಲವೇ? ಅವನ ಮೇಲ್ಮನವಿಗೆ, ಅಗತ್ಯವಾದರೆ ಉಚ್ಚ ನ್ಯಾಯಾಲಯದವರೆಗೂ, ಬೆಂಬಲವಾಗಿ ನಿಲ್ಲುವುದು ಶ್ರಾವಕಧರ್ಮದ ಅಂಗವೇ ಹೊರತು ಅದಕ್ಕೆ ಹೊರಗಿನದಲ್ಲ ಎಂಬುದೇ ಈ ಲೇಖನದ ವಾದ.

ಈ ಪ್ರಶ್ನೆ ನಮ್ಮ ಕ್ಷೇತ್ರಗಳ ಬಾಗಿಲಲ್ಲಿಯೇ ನಿಂತಿದೆ. ಸಾಗರದ ಸಮೀಪದಲ್ಲಿ ಹಂದಿಗೋಡು ಎಂಬ ಗ್ರಾಮವಿದೆ. 1970ರ ದಶಕದ ಮಧ್ಯಭಾಗದಲ್ಲಿ ವೈದ್ಯರ ಗಮನಕ್ಕೆ ಬಂದ ಸಂಧಿರೋಗವೊಂದು ಈ ಊರಿನ ಹೆಸರನ್ನೇ ಹೊತ್ತು ‘ಹಂದಿಗೋಡು ಕಾಯಿಲೆ’ ಎನಿಸಿಕೊಂಡಿತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯ ಕೆಲವೆಡೆಗಳಲ್ಲಿಯೂ ಅದು ಕಂಡುಬಂದಿದೆ. ಸೊಂಟದ ಮತ್ತು ಮೊಣಕಾಲಿನ ಕೀಲುಗಳು ಸವೆದು, ನೋವು ವರ್ಷದಿಂದ ವರ್ಷಕ್ಕೆ ಹೆಚ್ಚಿ, ದುಡಿಯುವ ವಯಸ್ಸಿನಲ್ಲಿಯೇ ಮನುಷ್ಯನು ನೆಲ ಹಿಡಿಯುತ್ತಾನೆ. ಕೆಲವರಲ್ಲಿ ದೇಹದ ಬೆಳವಣಿಗೆಯೇ ಕುಂಠಿತವಾಗುತ್ತದೆ. ಕ್ರಿಮಿನಾಶಕ ಸೇರಿದ ಗದ್ದೆಯ ಏಡಿ, ಮೀನುಗಳನ್ನು ತಿಂದುದೇ ಕಾರಣವೆಂದು ಮೊದಲು ಶಂಕಿಸಲಾಯಿತು. 1990ರ ದಶಕದ ಅಧ್ಯಯನಗಳು ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ದೋಷವೆಂದೂ, ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆಯುಂಟೆಂದೂ ತೋರಿಸಿದವು. ಮೂಲವನ್ನೇ ಕಿತ್ತುಹಾಕುವ ಔಷಧವಿಲ್ಲ. ಇರುವುದು ನೋವಿನ ಶಮನ ಮಾತ್ರ.

ಪೀಡಿತರಲ್ಲಿ ಬಹುಪಾಲು ಜನರು ಚನ್ನಂಗಿ ಮತ್ತು ಚಲುವಾದಿ ಸಮುದಾಯಗಳ ಕೃಷಿಕಾರ್ಮಿಕರು. ಮಲೆನಾಡಿನ ಗದ್ದೆ, ತೋಟಗಳನ್ನು ಬೆಳಗಿದ ಕೈಗಳಿವು. ಆ ಫಲವನ್ನು ಉಂಡವರಲ್ಲಿ ನಾವೂ ಇದ್ದೇವೆ. ಪದ್ಮಾವತಿ ದೇವಿಯ ಸನ್ನಿಧಿಯಾದ ಹೊಂಬುಜವಿರುವುದು ಹೊಸನಗರ ತಾಲ್ಲೂಕಿನಲ್ಲಿ. ಕುಂದಕುಂದಾಚಾರ್ಯರ ಸ್ಮರಣೆಯಿಂದ ಪವಿತ್ರವಾದ ಕುಂದಾದ್ರಿಯಿರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಯಾತ್ರೆಗೆ ಬರುವ ನಮ್ಮ ವಾಹನಗಳು ಇದೇ ತಾಲ್ಲೂಕುಗಳ ಹಾದಿಯಲ್ಲಿ ಸಾಗುತ್ತವೆ.

ಇಂಥ ಕಾರ್ಮಿಕನೊಬ್ಬನ ಅರ್ಜಿ ಏಕೆ ಬೀಳುತ್ತದೆ? 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಚಲನವೈಕಲ್ಯವೂ ಕುಬ್ಜತೆಯೂ ಅವುಗಳಲ್ಲಿ ಸೇರಿವೆ. ಆದರೆ ಮುಖ್ಯ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯವು ಪ್ರಮಾಣಪತ್ರದಲ್ಲಿ ನಮೂದಾಗಿರಬೇಕು. ಕೀಲು ಎಷ್ಟು ಮಡಿಯುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂಬುದು ಅಳತೆಗೆ ಸಿಗುತ್ತದೆ. ರಾತ್ರಿಯಿಡೀ ನಿದ್ರೆಗೊಡದ ನೋವು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮೊಣಕಾಲು ಇನ್ನೂ ಮಡಿಯುತ್ತದೆಯೆಂಬ ಕಾರಣಕ್ಕೆ, ಕೆಸರುಗದ್ದೆಯಲ್ಲಿ ಅರ್ಧ ಗಳಿಗೆ ನಿಲ್ಲಲಾರದವನು ಲೆಕ್ಕದಲ್ಲಿ ಸಮರ್ಥನಾಗಿ ಉಳಿಯಬಹುದು. ರೋಗವೋ ಏರುತ್ತಲೇ ಹೋಗುವಂಥದು. ಇಂದಿನ ಅಳತೆ ನಾಳೆಗೆ ಸುಳ್ಳಾಗುತ್ತದೆ.

ಆದರೂ ತಿರಸ್ಕಾರವೇ ಕೊನೆಯ ಮಾತಲ್ಲ. ಪ್ರಮಾಣೀಕರಣದ ನಿರ್ಣಯದಿಂದ ನೊಂದವನು ರಾಜ್ಯವು ನೇಮಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದೆಂದು ಅದೇ ಅಧಿನಿಯಮದ 59ನೆಯ ಕಲಮು ಹೇಳುತ್ತದೆ. ರಾಜ್ಯದ ಅಂಗವಿಕಲರ ಆಯುಕ್ತರಿದ್ದಾರೆ. ಇವೆಲ್ಲ ವಿಫಲವಾದಲ್ಲಿ ಸಂವಿಧಾನದ 226ನೆಯ ಅನುಚ್ಛೇದದ ಅಡಿಯಲ್ಲಿ ಉಚ್ಚ ನ್ಯಾಯಾಲಯದ ಬಾಗಿಲು ತೆರೆದಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಉಚಿತ ಕಾನೂನು ನೆರವನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು ಹಕ್ಕಾಗಿಯೇ ಕೊಟ್ಟಿದೆ. ವೈಕಲ್ಯದ ಪ್ರಮಾಣಪತ್ರವೇ ವಿವಾದದಲ್ಲಿರುವಾಗ ಪರಿಶಿಷ್ಟ ಜಾತಿಯ ಅರ್ಜಿದಾರನು ಜಾತಿಪ್ರಮಾಣಪತ್ರದ ಆಧಾರದ ಮೇಲೆಯೇ ವಕೀಲರ ನೆರವನ್ನು ಕೇಳಬಹುದು. ಈ ಸಣ್ಣ ಸಂಗತಿಯನ್ನು ಅವನಿಗೆ ತಿಳಿಸುವವರು ಯಾರು?

ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಒಳಗೆ ಹೋಗುವುದು ಸುಲಭವೆಂದಲ್ಲ. ಅಮೆರಿಕದಲ್ಲಿ ಅಂಗವೈಕಲ್ಯ ವಿಮೆಯ ಬೇಡಿಕೆ ಇಲಾಖೆಯ ಎಲ್ಲ ಹಂತಗಳಲ್ಲಿಯೂ ತಿರಸ್ಕೃತವಾದರೆ, ಅರವತ್ತು ದಿನಗಳೊಳಗೆ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಆದರೆ ಅಲ್ಲಿನ ನ್ಯಾಯಾಧೀಶರು ರೋಗಿಯನ್ನು ಹೊಸದಾಗಿ ಪರೀಕ್ಷಿಸುವುದಿಲ್ಲ; ಇಲಾಖೆಯ ನಿರ್ಣಯಕ್ಕೆ ಕಡತದಲ್ಲಿ ಸಾಕಷ್ಟು ಆಧಾರವಿದೆಯೇ ಎಂಬುದನ್ನು ನೋಡುತ್ತಾರೆ. ನಮ್ಮ ಉಚ್ಚ ನ್ಯಾಯಾಲಯವೂ ರಿಟ್ ಅರ್ಜಿಯಲ್ಲಿ ಸಾಮಾನ್ಯವಾಗಿ ವೈದ್ಯರ ಅಳತೆಯನ್ನು ತಾನೇ ಮಾಡಹೊರಡುವುದಿಲ್ಲ. ನಿರ್ಣಯಕ್ಕೆ ಕಾರಣ ಕೊಟ್ಟಿದ್ದಾರೆಯೇ, ಅರ್ಜಿದಾರನ ಮಾತನ್ನು ಕೇಳಿದ್ದಾರೆಯೇ, ಕಾನೂನನ್ನು ಪಾಲಿಸಿದ್ದಾರೆಯೇ ಎಂದು ವಿಚಾರಿಸುತ್ತದೆ. ಎಂದಮೇಲೆ ನ್ಯಾಯಾಲಯದ ಗೆಲುವು, ಸೋಲುಗಳು ಬಹುಮಟ್ಟಿಗೆ ತಾಲ್ಲೂಕು ಕಚೇರಿಗೆ ಕೊಟ್ಟ ಮೊದಲ ಕಾಗದದಲ್ಲಿಯೇ ನಿಶ್ಚಯವಾಗುತ್ತವೆ. ಕಡತದಲ್ಲಿ ಇಲ್ಲದ ನೋವು ನ್ಯಾಯಪೀಠಕ್ಕೆ ಕಾಣುವುದಿಲ್ಲ. ಓದುಬರಹ ಬಲ್ಲ, ಕಾಗದಪತ್ರಗಳನ್ನು ಜೋಡಿಸಿಡಬಲ್ಲ, ವ್ಯಾಪಾರವ್ಯವಹಾರಗಳಲ್ಲಿ ನುರಿತ ನಮ್ಮ ಸಮಾಜವು ನೆರವಾಗಬೇಕಾದುದು ಇಲ್ಲಿಯೇ.

ಇದಕ್ಕೆ ನಮ್ಮವರೇ ಎತ್ತುವ ಆಕ್ಷೇಪಗಳನ್ನು ಬಲ್ಲೆ. ಮೊದಲನೆಯದು, ನ್ಯಾಯಾಲಯವೆಂದರೆ ಕಲಹ, ಕಲಹವೆಂದರೆ ಕಷಾಯ, ಅದಕ್ಕೆ ಧರ್ಮಸಂಸ್ಥೆಗಳು ಕೈಹಾಕಬಾರದೆಂಬುದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ನಾವು ಏನು ಮಾಡಿದೆವು? ಸರ್ವೋಚ್ಚ ನ್ಯಾಯಾಲಯಕ್ಕೆ ಹೋದೆವು. ಅದೇ ತಿಂಗಳ 31ರಂದು ತಡೆಯಾಜ್ಞೆ ದೊರೆಯಿತು. ಆಗ ಯಾರೂ ಅದನ್ನು ಕಷಾಯವೆನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ. ನಮ್ಮ ವ್ರತಕ್ಕೆ ಕುಂದು ಬಂದಾಗ ಧರ್ಮರಕ್ಷಣೆಯೆನಿಸುವ ಕಾರ್ಯವು ಬಡವನ ಅನ್ನಕ್ಕೆ ಕುಂದು ಬಂದಾಗ ಕಲಹವೆನಿಸುವುದು ಹೇಗೆ? ದ್ವೇಷವಿಲ್ಲದೆ, ಸುಳ್ಳಿಲ್ಲದೆ, ಅಧಿಕಾರಿಯನ್ನು ನಿಂದಿಸದೆ ನ್ಯಾಯವನ್ನು ಕೇಳುವುದರಲ್ಲಿ ಹಿಂಸೆಯಿಲ್ಲ.

ಎರಡನೆಯದು, ಇದು ಅವರ ಅಸಾತಾ ವೇದನೀಯ ಕರ್ಮದ ಫಲ, ನಾವೇನು ಮಾಡಬಲ್ಲೆವು ಎಂಬ ಮಾತು. ಕರ್ಮಸಿದ್ಧಾಂತವು ನಮ್ಮ ನಮ್ಮ ಆತ್ಮಶೋಧನೆಗಾಗಿ ಇರುವುದೇ ಹೊರತು ಪರರ ಕಷ್ಟಕ್ಕೆ ತೀರ್ಪು ಬರೆಯುವುದಕ್ಕಲ್ಲ. ಹಾಗೆಂದು ಸುಮ್ಮನಿರುವುದಾದರೆ ಔಷಧದಾನಕ್ಕೆ ಅರ್ಥವೇನು? ಜೀವಗಳು ಪರಸ್ಪರ ಉಪಕಾರದಿಂದ ನಿಂತಿವೆಯೆಂಬುದು ತತ್ತ್ವಾರ್ಥಸೂತ್ರದ ಬೋಧೆ. ಅಲ್ಲಿ ಜಾತಿಯ ಗಡಿಯನ್ನು ಎಳೆದಿಲ್ಲ. ದಾನದ ಪಾತ್ರ ಯಾರೆಂಬ ಶಾಸ್ತ್ರಚರ್ಚೆಯನ್ನು ಇಲ್ಲಿ ತರುವವರೂ ಉಂಟು. ಆದರೆ ಜಿನಸೇನಾಚಾರ್ಯರ ಆದಿಪುರಾಣವು ಪಾತ್ರದತ್ತಿಯೊಂದಿಗೆ ದಯಾದತ್ತಿಯನ್ನೂ ಹೇಳಿದೆ. ದುಃಖಿತ ಜೀವಿಗಳ ಭಯವನ್ನು ಕಳೆಯುವುದೇ ಅದರ ಲಕ್ಷಣ.

ಮೂರನೆಯ ಆಕ್ಷೇಪವೇ ಹೆಚ್ಚು ಅಪಾಯಕಾರಿ: ಸರ್ಕಾರ ಕೊಡದಿದ್ದರೆ ನಾವೇ ಕೊಟ್ಟುಬಿಡೋಣ, ವಾದವೇಕೆ? ಉದಾರವಾಗಿ ಕೇಳಿಸುವ ಈ ಮಾತು ಹಕ್ಕನ್ನು ಭಿಕ್ಷೆಯಾಗಿಸುತ್ತದೆ. ಅಂಗವಿಕಲರ ಪ್ರಶ್ನೆ ದಯೆಯದಲ್ಲ, ಘನತೆಯ ಮತ್ತು ಹಕ್ಕಿನದೆಂದು ಸರ್ವೋಚ್ಚ ನ್ಯಾಯಾಲಯವು ಜೀಜಾ ಘೋಷ್ ಪ್ರಕರಣದಲ್ಲಿ 2016ರಲ್ಲಿ ಸ್ಪಷ್ಟಪಡಿಸಿದೆ. ಶೇಕಡಾ 40ರ ಗೆರೆಯನ್ನು ಮುಟ್ಟಲಿಲ್ಲವೆಂದು ಪರೀಕ್ಷೆಯಲ್ಲಿ ಬರೆಹಗಾರನ ನೆರವು ನಿರಾಕರಿಸಲ್ಪಟ್ಟ ಅಭ್ಯರ್ಥಿಯ ಪರವಾಗಿ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದ ತೀರ್ಪು ಬಂದಿತು. ಒಬ್ಬನು ಹೋರಾಡಿದ ಫಲ ಅನೇಕರಿಗೆ ದಕ್ಕಿತು. ನಾವು ಕೊಡುವ ಸಹಾಯಧನವು ಒಂದು ಮನೆಯಲ್ಲಿ ಒಂದು ತಿಂಗಳು ಉರಿಯುವ ಒಲೆ; ಕಾರಣಸಹಿತವಾದ ಒಂದು ನ್ಯಾಯಾದೇಶವು ಊರಿಗೇ ಹಚ್ಚಿದ ದೀಪ. ಪ್ರಶಸ್ತಿಫಲಕವಿಲ್ಲದ, ಛಾಯಾಚಿತ್ರವಿಲ್ಲದ ದಾನವಿದೆಂಬ ಕಾರಣದಿಂದ ನಮಗೆ ರುಚಿಸದೇ ಹೋಗಿರಬಹುದು!

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಂಯಮಿಗಳ ವೈಯಾವೃತ್ಯವನ್ನು ಹೇಳುವಾಗ ಆಹಾರ, ಔಷಧಗಳ ಜೊತೆಗೆ ಉಪಕರಣ ಮತ್ತು ಆವಾಸಗಳನ್ನು ಎಣಿಸಿದ್ದಾರೆ. ಕಾರ್ಯಸಾಧನೆಗೆ ಬೇಕಾದ ಸಾಧನವನ್ನು ಒದಗಿಸುವುದೂ ದಾನವೆಂಬ ಆ ದೃಷ್ಟಿಯನ್ನು ದಯಾದತ್ತಿಗೂ ವಿಸ್ತರಿಸೋಣ. ಹಂದಿಗೋಡಿನ ರೋಗಿಗೆ ಇಂದು ಬೇಕಾದ ಉಪಕರಣವು ಊರುಗೋಲಷ್ಟೇ ಅಲ್ಲ. ಸರಿಯಾಗಿ ಬರೆದ ಒಂದು ಅರ್ಜಿಯೂ ಹೌದು.

ಆದುದರಿಂದ ಈ ಮೂರು ತಾಲ್ಲೂಕುಗಳ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿಯೂ, ಇಲ್ಲಿಗೆ ಯಾತ್ರೆ ಬರುವ ಕುಟುಂಬಗಳಲ್ಲಿಯೂ ನಿವೇದನೆಯಿಷ್ಟೆ. ಮಹಾವೀರ ಜಯಂತಿಯ ವೆಚ್ಚದಲ್ಲಿ ಒಂದಂಶವನ್ನು ಇದಕ್ಕೆ ತೆಗೆದಿಡಿರಿ. ಬರೆಯಬಲ್ಲ ಒಬ್ಬ ತರುಣನನ್ನೋ ತರುಣಿಯನ್ನೋ ನಿಯೋಜಿಸಿರಿ. ರೋಗಿಯನ್ನು ವೈದ್ಯಮಂಡಳಿಗೆ ಕರೆದೊಯ್ಯಲು ವಾಹನ ಕೊಡಿರಿ. ಹಳೆಯ ಚೀಟಿ, ಕ್ಷಕಿರಣ ಚಿತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿರಿ. ಬಾಯಿಮಾತಿನ ತಿರಸ್ಕಾರವನ್ನು ಒಪ್ಪದೆ ಕಾರಣಸಹಿತ ಲಿಖಿತ ಆದೇಶವನ್ನು ವಿನಯದಿಂದ ಕೇಳಿರಿ. ಅವಧಿ ಮೀರುವ ಮೊದಲು ಮೇಲ್ಮನವಿ ಸಲ್ಲಿಸಿರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯವರೆಗೆ ಜೊತೆಯಲ್ಲಿ ನಡೆಯಿರಿ. ಸಾಗರದಿಂದ ಬೆಂಗಳೂರಿನ ಉಚ್ಚ ನ್ಯಾಯಾಲಯವು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕೀಲು ಸವೆದವನು ಅಷ್ಟು ದೂರವನ್ನು ಒಬ್ಬನೇ ಕ್ರಮಿಸಲಾರ. ಗೊಮ್ಮಟನ ದರ್ಶನಕ್ಕೆ ಬೆಟ್ಟವನ್ನೇ ಹತ್ತುವ ಕಾಲುಗಳು ನಮಗಿವೆ. ಅವನೊಡನೆ ಕಚೇರಿಯ ನಾಲ್ಕು ಮೆಟ್ಟಿಲನ್ನು ಏರಲು ಅವು ಹಿಂಜರಿಯದಿರಲಿ.