ಅತ್ತೆ ಮಗಳು, ಚಿಕ್ಕಪ್ಪನ ಮಗಳು

ಎಜ್‌ಬಾಸ್ಟನ್‌ನಲ್ಲಿ ಕ್ರಿಕೆಟ್ ಮೈದಾನದ ಜೊತೆಗೆ ಕಿಂಗ್ ಎಡ್ವರ್ಡ್ಸ್ ಶಾಲೆಯೂ ಇದೆ. ಅದಿನ್ನೂ ಬರ್ಮಿಂಗ್‌ಹ್ಯಾಮ್ ನಗರದ ನಡುವೆ ನ್ಯೂ ಸ್ಟ್ರೀಟ್‌ನಲ್ಲಿದ್ದ ಕಾಲದಲ್ಲಿ ಅಲ್ಲಿ ಓದಿದ ಟೋಲ್ಕಿನ್ ಎಲ್ಲರಿಗೂ ಗೊತ್ತು. ಎ.ಆರ್. ರ‍್ಯಾಡ್‌ಕ್ಲಿಫ್-ಬ್ರೌನ್ ಅಲ್ಲೇ ಓದಿದರೂ ಮಾನವಶಾಸ್ತ್ರದವರಿಗಷ್ಟೇ ಗೊತ್ತು. 1881ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿ ನೆಂಟಸ್ತಿಕೆಯ ಕಟ್ಟಳೆಗಳನ್ನು ಅಭ್ಯಸಿಸಿದ ಇವರು, ಹೊಸಬರು ಸಿಕ್ಕೊಡನೆ ‘ನೀವು ಯಾರ ಪೈಕಿ?’ ಎಂದು ವಿಚಾರಿಸುವ ನಮಗೆ ಹತ್ತಿರದವರಾಗಬೇಕಿತ್ತು.

ಪಶ್ಚಿಮ ಆಸ್ಟ್ರೇಲಿಯದ ಕಡಲ ತೀರದ ಕರಿಯೆರಾ ಮೂಲನಿವಾಸಿಗಳ ಬಗ್ಗೆ ಅವರು 1913ರಲ್ಲಿ ಬರೆದರು. ಆ ಜನರಲ್ಲಿ ನಾಲ್ಕು ಪಂಗಡ: ಬನಕ, ಬುರುಂಗ್, ಕರಿಮೆರ, ಪಲ್ಯೇರಿ. ಬನಕ ಗಂಡು ಬುರುಂಗ್ ಹೆಣ್ಣನ್ನೇ ತರಬೇಕು, ಹುಟ್ಟಿದ ಮಕ್ಕಳು ಪಲ್ಯೇರಿ. ಮೊದಲ ಓದಿಗೆ ಒಗಟು. ಬಿಡಿಸಿ ನೋಡಿದರೆ ಹಳೇ ಮೈಸೂರಿನ ಯಾವ ಅಜ್ಜಿಯೂ ಹೇಳಬಹುದಾದ ಲೆಕ್ಕ: ಸೋದರಮಾವನ ಮಗಳು, ಸೋದರತ್ತೆಯ ಮಗಳು ವರಸೆಗೆ ಬರುತ್ತಾರೆ, ಚಿಕ್ಕಪ್ಪನ ಮಗಳು, ದೊಡ್ಡಮ್ಮನ ಮಗಳು ಅಕ್ಕತಂಗಿಯರು. ತಾಯಿಯ ಅಣ್ಣತಮ್ಮಂದಿರೂ ಹೆಣ್ಣು ಕೊಟ್ಟವನೂ ಕರಿಯೆರಾ ಜನರಿಗೆ ‘ಕಾಗ’, ನಮಗೆ ಇಬ್ಬರೂ ‘ಮಾವ’. (ಅವರ ‘ಮಾಮ’ ಅಂದರೆ ಅಪ್ಪ, ನಮ್ಮ ಮಕ್ಕಳಿಗೆ ಅಲ್ಲಿ ಪಜೀತಿಯೇ.) ಇಷ್ಟಕ್ಕೇ ಎರಡೂ ಜನರ ಮೂಲ ಒಂದೇ ಎಂದು ಹಾರುವವರಿದ್ದಾರೆ. ನನಗೆ ಆ ಆತುರವಿಲ್ಲ. ಕರೆಯುವ ಹೆಸರೂ ಮದುವೆಯ ಕಟ್ಟಳೆಯೂ ಒಂದೇ ವ್ಯವಸ್ಥೆಯ ಎರಡು ಮುಖ ಎಂದು ರ‍್ಯಾಡ್‌ಕ್ಲಿಫ್-ಬ್ರೌನ್ ತೋರಿಸಿಕೊಟ್ಟದ್ದೇ ದೊಡ್ಡದು.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಲ್ಲೇ ಮೈಸೂರು ಸೀಮೆಯ ಮದುವೆ, ಕುಟುಂಬಗಳ ಮೇಲೆ ಪುಸ್ತಕ ತಂದಿದ್ದರು. 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ಇದೇ ರ‍್ಯಾಡ್‌ಕ್ಲಿಫ್-ಬ್ರೌನ್ ಕೈಕೆಳಗೆ ಕಲಿತರು. ಕೊಡವರ ಕುರಿತ ಅವರ 1952ರ ಪುಸ್ತಕಕ್ಕೆ ಮುನ್ನುಡಿ ಗುರುಗಳದೇ.

ಈ ಬರ್ಮಿಂಗ್‌ಹ್ಯಾಮ್‌ನ ಕನ್ನಡ ಮನೆಗಳಲ್ಲಿ ಈಗ ಎಲ್ಲರೂ ‘ಕಸಿನ್’. ಕಾನೂನಿನ ಕಣ್ಣಿಗೂ ಹಾಗೆಯೇ. 1949ರ ಇಲ್ಲಿನ ವಿವಾಹ ಕಾಯ್ದೆ ಅತ್ತೆ ಮಗಳನ್ನೂ ಬಿಡುತ್ತದೆ, ಚಿಕ್ಕಪ್ಪನ ಮಗಳನ್ನೂ ಬಿಡುತ್ತದೆ; ನಮ್ಮ ಹೆಚ್ಚಿನ ಹಿಂದೂ ಮನೆಗಳಲ್ಲಿ ಎರಡನೆಯದನ್ನು ಬಾಯಲ್ಲಿ ಆಡುವಂತಿಲ್ಲ. ಅಕ್ಕನ ಮಗಳ ವಿಷಯದಲ್ಲಿ ತಿರುವುಮುರುವು. ನಮ್ಮ ಅನೇಕ ಮನೆಗಳಲ್ಲಿ ಅದು ರೂಢಿ, 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿಯಿದ್ದಲ್ಲಿ ಒಪ್ಪುತ್ತದೆ. ಬ್ರಿಟನ್ ಒಪ್ಪುವುದಿಲ್ಲ. ಕರಿಯೆರಾ ಜನರೂ ಒಪ್ಪರು: ಬನಕನ ಅಕ್ಕನ ಮಗಳು ಕರಿಮೆರಳಾಗುತ್ತಾಳೆ, ಅವಳಿಗೆ ಪಲ್ಯೇರಿ ಗಂಡೇ ಆಗಬೇಕು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಆನುವಂಶಿಕ ಕಾಯಿಲೆಯ ಅಪಾಯ ಹೆಚ್ಚು ಎಂದು ವೈದ್ಯರು ಹೇಳುವುದು ನಿಜ. 2024ರ ಡಿಸೆಂಬರ್‌ನಲ್ಲಿ ಕಸಿನ್ ಮದುವೆಯನ್ನೇ ನಿಷೇಧಿಸುವ ಖಾಸಗಿ ಸದಸ್ಯರ ಮಸೂದೆಯೊಂದು ಇಲ್ಲಿನ ಸಂಸತ್ತಿಗೆ ಬಂತು. ಅದರಲ್ಲೂ ಅತ್ತೆ ಮಗಳು, ಚಿಕ್ಕಪ್ಪನ ಮಗಳು ಬೇರೆಬೇರೆಯಲ್ಲ.